ಸಭೆಯ ಮುಂದೆ ನಗೆಯ ತಾಲೀಮು

ಹಾಸ್ಯ ಧಾರಾವಾಹಿಯ ಚಿತ್ರಕಥೆ ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಅದರ ನಿಜವಾದ ಪರೀಕ್ಷೆ ನಡೆಯುವುದು ಜನರ ಮುಂದೆ. ಅಮೆರಿಕ ಮತ್ತು ಬ್ರಿಟನ್ನಿನ ಬರಹಗಾರರು ಈ ಪರೀಕ್ಷೆಯನ್ನೇ ಒಂದು ಕಸುಬಾಗಿ ಬೆಳೆಸಿದರು. ಪ್ರೇಕ್ಷಕರ ನಗು ಅವರಿಗೆ ಏನು ಕಲಿಸಿತು? ಅದಕ್ಕಿಂತ ಹೆಚ್ಚಾಗಿ, ಪ್ರೇಕ್ಷಕರ ಮೌನ ಏನು ಕಲಿಸಿತು?

‘ದಿ ಮೇರಿ ಟೈಲರ್ ಮೂರ್ ಶೋ’ ಅಮೆರಿಕದ ಟಿ.ವಿ. ಹಾಸ್ಯಕ್ಕೆ ಹೊಸ ದಾರಿ ತೆರೆದ ಧಾರಾವಾಹಿ. 1970ರಿಂದ 1977ರವರೆಗೆ ನಡೆದು 29 ಎಮ್ಮಿ ಪ್ರಶಸ್ತಿ ಗಳಿಸಿತು. ಅಂಥ ಧಾರಾವಾಹಿಯ ಮೊದಲ ಕಂತನ್ನು ಮೊದಲ ಸಲ ಜನರ ಮುಂದೆ ಆಡಿದಾಗ ಅದು ನೆಲಕಚ್ಚಿತ್ತು.

ಚಿತ್ರೀಕರಣಕ್ಕೆ ಇನ್ನು ಕೆಲವೇ ದಿನ ಇದ್ದವು. ಸ್ಟುಡಿಯೊದಲ್ಲಿ ಜನರನ್ನು ಕೂರಿಸಿ ಇಡೀ ಕಂತನ್ನು ತಾಲೀಮಿನಂತೆ ಆಡಿದರು. ಕಥೆ ಸರಳ. ಪ್ರೇಮಭಂಗವಾದ ಮೇರಿ ಹೊಸ ಬದುಕು ಹುಡುಕಿಕೊಂಡು ಮಿನಿಯಾಪೊಲಿಸ್ ನಗರಕ್ಕೆ ಬರುತ್ತಾಳೆ. ಅವಳಿಗೆ ಸಿಕ್ಕ ಬಾಡಿಗೆ ಮನೆಯ ಮೇಲೆ ಮಹಡಿಯಲ್ಲಿರುವ ರೋಡಾಳ ಕಣ್ಣೂ ಬಿದ್ದಿರುತ್ತದೆ. ಹೀಗಾಗಿ ಮೊದಲ ಭೇಟಿಯಲ್ಲೇ ರೋಡಾ ಮೇರಿಯ ಮೇಲೆ ಹರಿಹಾಯುತ್ತಾಳೆ. ಆ ಮಾತುಗಳು ಚುರುಕಾಗಿದ್ದವು, ರೋಡಾ ಪಾತ್ರದ ವ್ಯಾಲರಿ ಹಾರ್ಪರ್ ಅವನ್ನು ಚೆನ್ನಾಗಿಯೇ ಹೇಳಿದರು. ಆದರೆ ಸಭೆ ನಗಲಿಲ್ಲ. ಮೇರಿ ಟೈಲರ್ ಮೂರ್ ಹಿಂದಿನ ದಶಕದ ‘ದಿ ಡಿಕ್ ವ್ಯಾನ್ ಡೈಕ್ ಶೋ’ ಕಾಲದಿಂದಲೇ ಜನರ ಮನೆಮಗಳು. ಅಂಥವಳನ್ನು ಯಾರೋ ಒಬ್ಬಳು ಬಂದು ಗದರಿಸುತ್ತಿದ್ದಾಳೆ ಎಂದೇ ಪ್ರೇಕ್ಷಕರಿಗೆ ಅನಿಸಿತು. ರೋಡಾ ಬಾಯಿ ತೆರೆದಾಗಲೆಲ್ಲ ಸಭೆ ಬಿಗಿಯಾಯಿತು.

ಬರೆದವರು ಜೇಮ್ಸ್ ಎಲ್. ಬ್ರೂಕ್ಸ್ ಮತ್ತು ಆಲನ್ ಬರ್ನ್ಸ್. ಸರಿಪಡಿಸಿ ಎಂದು ನಿರ್ಮಾಣ ಸಂಸ್ಥೆಯ ಗ್ರಾಂಟ್ ಟಿಂಕರ್ ಹೇಳಿದರು. ಆದರೆ ಏನನ್ನು ಸರಿಪಡಿಸುವುದು? ಆಗ ಪರಿಹಾರ ಸೂಚಿಸಿದವರು ಚಿತ್ರಕಥೆಯ ಪ್ರತಿ ಹಿಡಿದು ದೃಶ್ಯದ ಲೆಕ್ಕ ನೋಡಿಕೊಳ್ಳುತ್ತಿದ್ದ ಸ್ಕ್ರಿಪ್ಟ್ ಸೂಪರ್‌ವೈಸರ್. ಮನೆ ಒಡತಿ ಫಿಲಿಸ್‌ಗೆ ಬೆಸ್ ಎಂಬ ಪುಟ್ಟ ಮಗಳಿದ್ದಾಳೆ. ರೋಡಾ ಎಂದರೆ ತನಗೆ ಇಷ್ಟ, ಅವಳ ಜೊತೆ ತಮಾಷೆಯಾಗಿರುತ್ತದೆ ಎಂದು ಆ ಮಗುವಿನ ಬಾಯಲ್ಲಿ ಹೇಳಿಸಿದರೆ ಹೇಗೆ ಎಂದು ಅವರು ಕೇಳಿದರು. ಹಾಗೇ ಮಾಡಿದರು. ರೋಡಾಳ ಮಾತಿನ ಖಾರ ಖಾರವಾಗಿಯೇ ಉಳಿಯಿತು. ಚಿತ್ರೀಕರಣದ ರಾತ್ರಿ ಬೇರೆ ಪ್ರೇಕ್ಷಕರು ಬಂದರು, ಅದೇ ಮಾತುಗಳಿಗೆ ಮನಸಾರೆ ನಕ್ಕರು. ಮಗು ಮೆಚ್ಚಿದವಳನ್ನು ತಾವೂ ಮೆಚ್ಚಬಹುದು ಎಂಬ ಧೈರ್ಯ ಸಭೆಗೆ ಬಂದಿತ್ತು. ಮುಂದೆ ಹಾರ್ಪರ್ ಈ ಪಾತ್ರಕ್ಕೆ ನಾಲ್ಕು ಎಮ್ಮಿ ಪಡೆದರು. 1974ರಲ್ಲಿ ರೋಡಾಳ ಹೆಸರಿನಲ್ಲೇ ಇನ್ನೊಂದು ಧಾರಾವಾಹಿ ಶುರುವಾಯಿತು.

ಈ ಘಟನೆಗೆ ಇನ್ನೊಂದು ಮಗ್ಗುಲಿದೆ. ವಿಚ್ಛೇದಿತರು, ನ್ಯೂಯಾರ್ಕಿನವರು, ಯಹೂದಿಗಳು, ಮೀಸೆಯವರು ಇಂಥವರನ್ನು ಅಮೆರಿಕದ ವೀಕ್ಷಕರು ಧಾರಾವಾಹಿಯಲ್ಲಿ ಸಹಿಸುವುದಿಲ್ಲ ಎಂದು ಸಿಬಿಎಸ್ ವಾಹಿನಿಯ ಸಂಶೋಧನಾ ವಿಭಾಗದವರು ಮೊದಲೇ ಎಚ್ಚರಿಸಿದ್ದರೆಂದು ಬರ್ನ್ಸ್ ಮತ್ತು ಬ್ರೂಕ್ಸ್ ಮುಂದೆ ನೆನೆದಿದ್ದಾರೆ. ರೋಡಾ ನ್ಯೂಯಾರ್ಕಿನವಳು, ಯಹೂದಿ ಹೆಣ್ಣುಮಗಳು. ತಾಲೀಮಿನ ದಿನದ ಮೌನವನ್ನು ಆ ಎಚ್ಚರಿಕೆಯ ಪಕ್ಕ ಇಟ್ಟು ನೋಡಿದ್ದರೆ ಪಾತ್ರವನ್ನೇ ಕಿತ್ತುಹಾಕಲು ಅಷ್ಟೇ ಸಾಕಿತ್ತು. ಪುಣ್ಯಕ್ಕೆ ಅವರು ಹಾಗೆ ಓದಲಿಲ್ಲ.

ನಗೆಬರಹವನ್ನು ಜನರ ಮುಂದೆ ಪರೀಕ್ಷಿಸುವ ಕಸುಬಿನ ಸಾರವೆಲ್ಲ ಈ ಒಂದು ಪ್ರಸಂಗದಲ್ಲಿದೆ. ತಪ್ಪು ಎಲ್ಲಿದೆ ಎಂದು ಸಭೆ ಕರಾರುವಾಕ್ಕಾಗಿ ತೋರಿಸುತ್ತದೆ. ಏಕಾಯಿತು ಎಂದು ಅದು ಹೇಳುವುದಿಲ್ಲ, ಹೇಳಿದರೂ ನಂಬುವಂತಿಲ್ಲ. ಅದನ್ನು ಹುಡುಕುವ ಹೊಣೆ ಬರೆದವರದು.

ಸಿನಿಮಾಕ್ಕೆ ಮುಂಚೆ ರಂಗದ ಮೇಲೆ

ಟಿ.ವಿ. ಬರುವುದಕ್ಕೂ ಮುಂಚೆ ಈ ಪದ್ಧತಿಯನ್ನು ಸಿನಿಮಾದವರು ಒಮ್ಮೆ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದರು. ಮಾರ್ಕ್ಸ್ ಸಹೋದರರು ರಂಗಭೂಮಿಯಲ್ಲಿ ಬೆಳೆದ ನಗೆಗಾರರು. ಅವರ ಮೊದಲೆರಡು ಚಿತ್ರಗಳಾದ ‘ದಿ ಕೋಕನಟ್ಸ್’ ಮತ್ತು ‘ಅನಿಮಲ್ ಕ್ರ್ಯಾಕರ್ಸ್’ ಬ್ರಾಡ್‌ವೇಯಲ್ಲಿ ನೂರಾರು ಪ್ರದರ್ಶನ ಕಂಡು ಪಳಗಿದ ನಾಟಕಗಳು. ಆಮೇಲಿನ ಚಿತ್ರಗಳು ನೇರವಾಗಿ ಸಿನಿಮಾಕ್ಕೆಂದೇ ಬರೆದಂಥವು. 1933ರ ‘ಡಕ್ ಸೂಪ್’ ನಿರೀಕ್ಷಿಸಿದಷ್ಟು ಓಡಲಿಲ್ಲ. ಎಂಜಿಎಂ ಸಂಸ್ಥೆಯ ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗ್ ಈ ವ್ಯತ್ಯಾಸವನ್ನು ಗಮನಿಸಿದ.

1935ರಲ್ಲಿ ‘ಎ ನೈಟ್ ಅಟ್ ದಿ ಆಪೆರಾ’ ಚಿತ್ರ ತೆಗೆಯುವ ಮೊದಲು ಅದರ ಮುಖ್ಯ ನಗೆದೃಶ್ಯಗಳನ್ನಷ್ಟೇ ಸೇರಿಸಿ ಒಂದು ಕಿರುನಾಟಕ ಕಟ್ಟಿಸಿ, ನಟರನ್ನೂ ಬರಹಗಾರರನ್ನೂ ಊರೂರಿಗೆ ಕಳಿಸಿದ. ಸಾಲ್ಟ್ ಲೇಕ್ ಸಿಟಿ, ಸಿಯಾಟಲ್, ಪೋರ್ಟ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಚಿತ್ರಮಂದಿರಗಳಲ್ಲಿ ದಿನಕ್ಕೆ ಹಲವು ಪ್ರದರ್ಶನಗಳು ನಡೆದವು. ಮಾರಿ ರಿಸ್ಕಿಂಡ್ ಮೊದಲಾದ ಬರಹಗಾರರು ಸಭೆಯಲ್ಲಿ ಕುಳಿತು ಯಾವ ಮಾತಿಗೆ ಎಷ್ಟು ನಗು, ಅದು ಎಷ್ಟು ಹೊತ್ತು ನಿಂತಿತು ಎಂದು ಬರೆದುಕೊಂಡರು. ಸತ್ತ ಮಾತು ಮುಂದಿನ ಪ್ರದರ್ಶನಕ್ಕೆ ಬದಲಾಗುತ್ತಿತ್ತು.

ಇದರಿಂದ ಎರಡು ಲಾಭವಾದವು. ಸಿನಿಮಾದಲ್ಲಿ ನಟ ಜನರ ನಗು ಮುಗಿಯಲೆಂದು ಕಾಯಲಾರ. ನಗುವಿನ ಗದ್ದಲದಲ್ಲಿ ಮುಂದಿನ ಮಾತು ಮುಳುಗಿಹೋಗುತ್ತದೆ. ಈಗ ಪ್ರತಿ ನಗುವಿನ ಅಳತೆ ಕೈಯಲ್ಲಿದ್ದುದರಿಂದ ಚಿತ್ರದಲ್ಲಿ ಅಷ್ಟಷ್ಟೇ ಜಾಗ ಬಿಡಬಹುದಾಯಿತು. ಎರಡನೆಯದು, ಕಾಗದದ ಮೇಲೆ ಬಡವಾಗಿ ಕಂಡ ದೃಶ್ಯಗಳು ಬದುಕಿಕೊಂಡವು. ಹಡಗಿನ ಇಕ್ಕಟ್ಟಾದ ಕೋಣೆಗೆ ಒಬ್ಬರ ಹಿಂದೊಬ್ಬರು ನುಗ್ಗಿ ಹದಿನೈದು ಜನ ತುಂಬಿಕೊಳ್ಳುವ ದೃಶ್ಯ ಇಂದಿಗೂ ಜಗತ್ತಿನ ಶ್ರೇಷ್ಠ ನಗೆದೃಶ್ಯಗಳಲ್ಲಿ ಒಂದು. ಪ್ರವಾಸದ ಆರಂಭದಲ್ಲಿ ಅದಕ್ಕೆ ನಗುವೇ ಬರದೆ, ತೆಗೆದುಹಾಕುವ ಮಾತೂ ಆಗಿತ್ತಂತೆ. ಸಹೋದರರು ರಂಗದ ಮೇಲೆಯೇ ತಮ್ಮ ಮಾತುಗಳನ್ನು ಸೇರಿಸುತ್ತ ಹೋದ ಮೇಲೆ ಅದಕ್ಕೆ ಜೀವ ಬಂತು. ಎರಡು ವರ್ಷದ ನಂತರ ಬಂದ ‘ಎ ಡೇ ಅಟ್ ದಿ ರೇಸಸ್’ ಚಿತ್ರಕ್ಕೂ ಇದೇ ಕ್ರಮ ಅನುಸರಿಸಿದರು.

ಲೂಸಿಗೆ ಸಭೆ ಬೇಕಿತ್ತು

ಹಾಸ್ಯ ಧಾರಾವಾಹಿಗೆ ಪ್ರೇಕ್ಷಕರನ್ನು ಕಾಯಂ ಆಗಿ ಕರೆತಂದವರು ಲೂಸಿಲ್ ಬಾಲ್ ಮತ್ತು ಅವರ ಪತಿ ಡೆಸಿ ಅರ್ನಾಜ್. ಲೂಸಿ 1948ರಿಂದ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ರೇಡಿಯೊ ಹಾಸ್ಯದಲ್ಲಿ ಅಭಿನಯಿಸುತ್ತಿದ್ದರು. ರೇಡಿಯೊ ಕಾರ್ಯಕ್ರಮಕ್ಕೂ ಆಗ ಸಭಿಕರು ಇರುತ್ತಿದ್ದರು. ಲೂಸಿ ಕೈಯಲ್ಲಿ ಹಾಳೆ ಹಿಡಿದು ಬಿಗಿಯಾಗಿ ಓದುತ್ತಿದ್ದುದನ್ನು ಕಂಡ ಬರಹಗಾರ ಜೆಸ್ ಆಪನ್‌ಹೈಮರ್, ಆ ಕಾಲದ ಮಹಾ ನಗೆಗಾರ ಜ್ಯಾಕ್ ಬೆನ್ನಿಯ ಕಾರ್ಯಕ್ರಮದ ಟಿಕೆಟ್ ಕೊಟ್ಟು ನೋಡಿಕೊಂಡು ಬರಲು ಕಳಿಸಿದ. ಬೆನ್ನಿ ಸಭೆಯತ್ತ ತಿರುಗಿ, ಸುಮ್ಮನಿದ್ದು, ಮುಖದಲ್ಲೇ ನಗು ಹೊರಡಿಸುವ ರೀತಿಯನ್ನು ಲೂಸಿ ಕಣ್ಣಾರೆ ಕಂಡರು. ಅಂದಿನಿಂದ ಅವರ ಅಭಿನಯ ಬಿಚ್ಚಿಕೊಂಡಿತು.

ಈ ಹಾಸ್ಯವನ್ನು ಟಿ.ವಿ.ಗೆ ತರಲು ಸಿಬಿಎಸ್ ಬಯಸಿದಾಗ, ಗಂಡನ ಪಾತ್ರಕ್ಕೆ ಡೆಸಿಯೇ ಬೇಕೆಂದು ಲೂಸಿ ಹಟ ಹಿಡಿದರು. ಡೆಸಿ ಕ್ಯೂಬಾದಿಂದ ಬಂದವರು, ಇಂಗ್ಲಿಷಿನಲ್ಲಿ ಆ ನಾಡಿನ ಎಳೆ ಇತ್ತು. ಇಂಥ ಜೋಡಿಯನ್ನು ಅಮೆರಿಕದ ಜನ ಒಪ್ಪಲಾರರು ಎಂದು ವಾಹಿನಿಯ ಅಧಿಕಾರಿಗಳು ಹಿಂಜರಿದರು. ದಂಪತಿ ವಾದ ಮಾಡುತ್ತ ಕೂರಲಿಲ್ಲ. 1950ರಲ್ಲಿ ಒಂದು ನಗೆ ಪ್ರಹಸನ ಕಟ್ಟಿಕೊಂಡು ರಂಗಪ್ರವಾಸ ಹೊರಟರು. ಜನ ಮುಗಿಬಿದ್ದು ನೋಡಿದರು. ಆ ಪ್ರವಾಸದಲ್ಲಿ ಪಳಗಿದ ಸೆಲ್ಲೋ ವಾದ್ಯದ ಪ್ರಹಸನ ಮುಂದೆ ಧಾರಾವಾಹಿಯ ಮಾದರಿ ಕಂತಿನಲ್ಲೂ ಬಂತು. ಅಧಿಕಾರಿಗಳ ಊಹೆಯನ್ನು ತಳ್ಳಿಹಾಕಿದ್ದು ಊರೂರಿನ ಸಭೆಗಳು.

1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಪ್ರಸಾರ ಶುರುವಾಯಿತು. ಹಾಲಿವುಡ್‌ನಲ್ಲಿ ಜನರ ಮುಂದೆ ನಾಟಕದಂತೆ ಆಡಿ, ಅದನ್ನು 35 ಎಂ.ಎಂ. ಫಿಲ್ಮಿನ ಮೂರು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಸೆರೆಹಿಡಿಯುವುದು ಅವರ ಯೋಜನೆ. ಇದನ್ನು ಸಾಧ್ಯ ಮಾಡಿದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್. ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ‘ದಿ ಗುಡ್ ಅರ್ಥ್’ ಚಿತ್ರಕ್ಕೆ ಆಸ್ಕರ್ ಪಡೆದವರು. ಸಿನಿಮಾದಲ್ಲಿ ಒಂದೊಂದು ಕೋನಕ್ಕೂ ಬೆಳಕನ್ನು ಬೇರೆ ಬೇರೆ ಜೋಡಿಸುತ್ತಾರೆ. ಪ್ರತಿ ಸಲ ನಿಲ್ಲಿಸಿದರೆ ಸಭೆಯ ಹುರುಪು ಇಳಿಯುತ್ತದೆ. ಆದ್ದರಿಂದ ಫ್ರಾಯಿಂಡ್ ಮೇಲಿನಿಂದ ಸಮನಾಗಿ ಬೀಳುವ ಬೆಳಕಿನ ವ್ಯವಸ್ಥೆ ಮಾಡಿ, ಮೂರೂ ಕ್ಯಾಮೆರಾಗಳಿಗೆ ಒಂದೇ ಬೆಳಕು ಹೊಂದುವಂತೆ ನೋಡಿಕೊಂಡರು. ಇಷ್ಟೆಲ್ಲ ತಂತ್ರ, ಇಷ್ಟೆಲ್ಲ ಖರ್ಚು ನಡೆದದ್ದು ನಟಿಯ ಕಿವಿಗೆ ಜನರ ನಗು ಬೀಳಲಿ ಎಂಬ ಒಂದು ಮುಖ್ಯ ಕಾರಣಕ್ಕೆ. ಚಿತ್ರೀಕರಣಕ್ಕೆ ಮುಂಚೆ ಡೆಸಿಯೇ ಬಂದು ಸಭಿಕರನ್ನು ಮಾತಾಡಿಸಿ ನಗಿಸುತ್ತಿದ್ದರು. ಲೂಸಿಯ ತಾಯಿ ಸಭೆಯಲ್ಲಿ ಕುಳಿತು, ಮಗಳು ಪೇಚಿಗೆ ಸಿಕ್ಕುವ ಮುನ್ನ ಆತಂಕದಿಂದ ತೆಗೆಯುತ್ತಿದ್ದ ಉದ್ಗಾರ ಹಲವು ಕಂತುಗಳಲ್ಲಿ ಕೇಳಿಸುತ್ತದೆ.

ಒಂದು ಕಂತು, ಒಂದು ವಾರ

ಲೂಸಿ ಹಾಕಿಕೊಟ್ಟ ದಾರಿ ಕ್ರಮೇಣ ಒಂದು ವಾರದ ಕಟ್ಟುಪಾಡಾಯಿತು. ಮೊದಲ ದಿನ ನಟರೆಲ್ಲ ಮೇಜಿನ ಸುತ್ತ ಕುಳಿತು ಚಿತ್ರಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ಬರಹಗಾರರು, ವಾಹಿನಿಯವರು, ತಂತ್ರಜ್ಞರು ಕೇಳುತ್ತಾರೆ. ಇದೇ ಮೊದಲ ಸಭೆ. ನಗು ಬಂದ ಮಾತಿಗೆ ಒಂದು ಗುರುತು, ಬಾರದ ಮಾತಿಗೆ ಇನ್ನೊಂದು. ಆ ರಾತ್ರಿ ಬರಹಗಾರರ ಕೋಣೆಯಲ್ಲಿ ತಿದ್ದುಪಡಿ. ಮರುದಿನ ನಟರು ನಿಂತು ಆಡುತ್ತಾರೆ. ಸಂಜೆ ಮತ್ತೆ ತಿದ್ದುಪಡಿ. ಪ್ರತಿ ತಿದ್ದುಪಡಿಗೆ ಬೇರೆ ಬಣ್ಣದ ಹಾಳೆ ಬರುವುದರಿಂದ ವಾರದ ಕೊನೆಗೆ ಒಂದೊಂದು ಪ್ರತಿಯೂ ಬಣ್ಣ ಬಣ್ಣದ ಕಟ್ಟಾಗಿರುತ್ತದೆ. ಆಮೇಲೆ ಕ್ಯಾಮೆರಾ ತಾಲೀಮು. ಕೊನೆಯ ರಾತ್ರಿ ಪುಕ್ಕಟೆ ಟಿಕೆಟ್ ಪಡೆದ ಇನ್ನೂರು ಮುನ್ನೂರು ಜನರ ಮುಂದೆ ಚಿತ್ರೀಕರಣ.

ನಿಜವಾದ ಸೊಗಸು ಇರುವುದು ಆ ರಾತ್ರಿಯಲ್ಲಿ. ತೆರೆಯ ಮೇಲೆ ಸುಮಾರು 22 ನಿಮಿಷ ಬರುವ ಕಂತಿಗೆ ನಾಲ್ಕು ಗಂಟೆ ಹಿಡಿಯುವುದು ಸಾಮಾನ್ಯ, ಏಕೆಂದರೆ ದೃಶ್ಯ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಂದು ಮಾತು ಬಿದ್ದುಹೋದರೆ ಬರಹಗಾರರು ಅಲ್ಲೇ ಗುಂಪುಗೂಡಿ ಪಿಸುಮಾತಿನಲ್ಲಿ ಹೊಸ ಮಾತು ಹೊಸೆಯುತ್ತಾರೆ. ಅದನ್ನು ನಟನ ಕಿವಿಯಲ್ಲಿ ಹೇಳಿ ಮತ್ತೆ ದೃಶ್ಯ ಆಡಿಸುತ್ತಾರೆ. ಸಭಿಕರಿಗೆ ಕಥೆ ಗೊತ್ತಿರುತ್ತದೆ, ಆ ಮಾತು ಗೊತ್ತಿರುವುದಿಲ್ಲ. ಹೊಸ ಮಾತು ಹಳೆಯದಕ್ಕಿಂತ ಜೋರಾದ ನಗು ಎಬ್ಬಿಸಿದರೆ ಗೆದ್ದಂತೆ. ‘ಫ್ರೆಂಡ್ಸ್’ ಧಾರಾವಾಹಿಯ ರಾತ್ರಿಗಳು ಇದಕ್ಕೆ ಹೆಸರುವಾಸಿ. ನಾರ್ಮನ್ ಲಿಯರ್ ಅವರ ‘ಆಲ್ ಇನ್ ದಿ ಫ್ಯಾಮಿಲಿ’ಯಲ್ಲಿ ಪದ್ಧತಿ ಬೇರೆ ಇತ್ತು. ಸಂಜೆ ಒಂದು ಸಭೆಯ ಮುಂದೆ ಪೂರ್ತಿ ಕಂತು ಆಡಿ, ತಿದ್ದುಪಡಿ ಮಾಡಿಕೊಂಡು, ರಾತ್ರಿ ಎರಡನೇ ಸಭೆಯ ಮುಂದೆ ಮತ್ತೊಮ್ಮೆ ಆಡುತ್ತಿದ್ದರು. ಎರಡನ್ನೂ ಟೇಪಿನಲ್ಲಿ ಹಿಡಿದು, ಒಳ್ಳೆಯದನ್ನು ಆಯ್ದು ಜೋಡಿಸುತ್ತಿದ್ದರು.

ಸಭೆಯಿಲ್ಲದೆ ತೆಗೆಯುವವರಿಗೆ ಚಾರ್ಲಿ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ 1950ರ ದಶಕದಲ್ಲಿ ರೂಪಿಸಿದ ನಗುಯಂತ್ರ ಇತ್ತು. ಕೀಲಿ ಒತ್ತಿದರೆ ಮುದ್ರಿತ ನಗು ಹೊರಡುತ್ತಿತ್ತು. ‘ದಿ ಆಡ್ ಕಪಲ್’ ಧಾರಾವಾಹಿ 1970ರಲ್ಲಿ ಈ ಯಂತ್ರದ ನಗುವಿನೊಂದಿಗೇ ಶುರುವಾಯಿತು. ನಟರಾದ ಟೋನಿ ರ್‍ಯಾಂಡಲ್, ಜ್ಯಾಕ್ ಕ್ಲಗ್‌ಮನ್ ಇಬ್ಬರೂ ರಂಗಭೂಮಿಯವರು. ಯಂತ್ರದ ನಗು ಅವರಿಗೆ ಒಗ್ಗಲಿಲ್ಲ. ಮರುವರ್ಷದಿಂದ ನಿಜವಾದ ಸಭೆ ಬಂತು. ನಗುಯಂತ್ರದ ದೊಡ್ಡ ದೋಷ ಕೃತಕತೆಯಲ್ಲಷ್ಟೇ ಇಲ್ಲ, ಅದು ಎಂದೂ ‘ಇಲ್ಲ’ ಎನ್ನುವುದಿಲ್ಲ. ಸಪ್ಪೆ ಮಾತಿಗೂ ನಗುತ್ತದೆ, ಒಳ್ಳೆಯ ಮಾತಿಗೂ ಅಷ್ಟೇ ನಗುತ್ತದೆ. ಅದರಿಂದ ಬರಹಗಾರ ಏನನ್ನೂ ಕಲಿಯಲಾರ.

ನಗು ಒಂದು, ಅಭಿಪ್ರಾಯ ಇನ್ನೊಂದು

ಪ್ರೇಕ್ಷಕರ ಮೂಲಕ ಪರೀಕ್ಷಿಸುವ ಇನ್ನೊಂದು ದಾರಿಯೂ ಬೆಳೆಯಿತು. ಸಿಬಿಎಸ್‌ನ ಫ್ರ್ಯಾಂಕ್ ಸ್ಟ್ಯಾಂಟನ್ ಮತ್ತು ಸಮಾಜವಿಜ್ಞಾನಿ ಪಾಲ್ ಲಜಾರ್ಸ್‌ಫೆಲ್ಡ್ ರೇಡಿಯೊ ಕಾಲದಲ್ಲೇ ಒಂದು ಯಂತ್ರ ರೂಪಿಸಿದ್ದರು. ಕೇಳುಗ ಇಷ್ಟವಾದರೆ ಹಸಿರು ಗುಂಡಿ, ಇಷ್ಟವಾಗದಿದ್ದರೆ ಕೆಂಪು ಗುಂಡಿ ಒತ್ತಬೇಕು. ಟಿ.ವಿ. ಕಾಲಕ್ಕೆ ಗುಂಡಿಗಳ ಜಾಗದಲ್ಲಿ ತಿರುಗಿಸುವ ಡಯಲ್‌ಗಳು ಬಂದವು. ಲಾಸ್ ಏಂಜಲೀಸ್‌ನ ಪ್ರಿವ್ಯೂ ಹೌಸ್‌ನಲ್ಲಿ ಜನ ಕುಳಿತು ಹೊಸ ಕಾರ್ಯಕ್ರಮ ನೋಡುತ್ತ ಡಯಲ್ ತಿರುಗಿಸುತ್ತಿದ್ದರು. ಆ ದಿನದ ಗುಂಪು ಉದಾರಿಯೋ ಜಿಪುಣವೋ ಎಂದು ತಿಳಿಯಲು ಪ್ರತಿ ಸಲವೂ ಮಿಸ್ಟರ್ ಮಗೂ ಕಾರ್ಟೂನನ್ನು ಮೊದಲು ತೋರಿಸಿ ಅಳತೆ ಹಿಡಿಯುತ್ತಿದ್ದರು. ನೋಡಿದ ಮೇಲೆ ಪ್ರಶ್ನಾವಳಿ ತುಂಬಿಸುವುದು, ಮನೆಮನೆಗೆ ಕೇಬಲ್ ಮೂಲಕ ತೋರಿಸಿ ಫೋನಿನಲ್ಲಿ ಕೇಳುವುದು ಇವೂ ರೂಢಿಗೆ ಬಂದವು.

ಇದರ ಫಲವನ್ನು ನೋಡಿ. 1989ರಲ್ಲಿ ‘ಸೈನ್‌ಫೆಲ್ಡ್’ ಮಾದರಿ ಕಂತಿನ ಪರೀಕ್ಷಾ ವರದಿ ‘ದುರ್ಬಲ’ ಎಂದಿತು. ಎನ್‌ಬಿಸಿ ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿತ್ತು. ವಿಶೇಷ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ರಿಕ್ ಲಡ್ವಿನ್ ಎಂಬ ಅಧಿಕಾರಿ ವರದಿಯನ್ನು ಬದಿಗಿಟ್ಟು, ತನ್ನ ವಿಭಾಗದ ಹಣದಲ್ಲಿ ಇನ್ನು ನಾಲ್ಕೇ ನಾಲ್ಕು ಕಂತುಗಳಿಗೆ ಒಪ್ಪಿಗೆ ಕೊಟ್ಟ. ಆ ನಾಲ್ಕು ಕಂತುಗಳಿಂದ ಬೆಳೆದ ಧಾರಾವಾಹಿ 1998ರಲ್ಲಿ ಮುಗಿದಾಗ ಕೊನೆಯ ಕಂತನ್ನು ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ನೋಡಿದರು. ಬ್ರಿಟನ್ನಿನಲ್ಲಿ 1968ರ ‘ಡ್ಯಾಡ್ಸ್ ಆರ್ಮಿ’ಗೂ ಪ್ರಸಾರಕ್ಕೆ ಮುಂಚಿನ ಪರೀಕ್ಷೆಯಲ್ಲಿ ಕೆಟ್ಟ ಅಭಿಪ್ರಾಯವೇ ಬಂದಿತ್ತು. ನಿರ್ಮಾಪಕ ಡೇವಿಡ್ ಕ್ರಾಫ್ಟ್ ಆ ವರದಿ ಮೇಲಿನವರ ಕಣ್ಣಿಗೆ ಬೀಳದಂತೆ ನೋಡಿಕೊಂಡರಂತೆ. ಇಂದಿಗೂ ಮರುಪ್ರಸಾರವಾಗುವ ಧಾರಾವಾಹಿ ಅದು.

ಹಾಗಾದರೆ ಪ್ರೇಕ್ಷಕರನ್ನು ನಂಬಬಾರದೇ? ನಂಬಬೇಕು. ಆದರೆ ಅವರ ಯಾವ ಮಾತನ್ನು ನಂಬಬೇಕು ಎಂಬ ವಿವೇಕ ಇರಬೇಕು. ನಗು ಯೋಚಿಸಿ ಬರುವುದಿಲ್ಲ. ಅಕ್ಕಪಕ್ಕದವರ ನಗುವಿನ ಜೊತೆ ತಾನಾಗಿ ಉಕ್ಕುತ್ತದೆ. ಅದರಲ್ಲಿ ಸುಳ್ಳು ಕಡಿಮೆ. ಅಭಿಪ್ರಾಯ ಹಾಗಲ್ಲ. ಪ್ರಶ್ನೆ ಮುಂದೆ ಬಂದ ಕೂಡಲೇ ಮನುಷ್ಯ ತೀರ್ಪುಗಾರನಾಗುತ್ತಾನೆ, ಹಿಂದೆ ನೋಡಿದ್ದಕ್ಕೆ ಹೋಲಿಸುತ್ತಾನೆ. ಹೊಸದು ಯಾವುದನ್ನೂ ಹೋಲದಿದ್ದರೆ ಕಡಿಮೆ ಅಂಕ ಕೊಡುತ್ತಾನೆ. ಪ್ರಶ್ನೆ ಹೇಗಿದೆ ಎಂಬುದರ ಮೇಲೂ ಉತ್ತರ ನಿಂತಿರುತ್ತದೆ. 1994ರಲ್ಲಿ ‘ಫ್ರೆಂಡ್ಸ್’ನ ಮೊದಲ ಕಂತಿನಲ್ಲಿ ಮೋನಿಕಾ ಮೊದಲ ಭೇಟಿಯ ರಾತ್ರಿಯೇ ಒಬ್ಬನೊಡನೆ ಮಲಗುತ್ತಾಳೆ. ಜನ ಅವಳನ್ನು ಕೀಳಾಗಿ ಕಾಣುತ್ತಾರೆಂದು ಎನ್‌ಬಿಸಿಯ ಹಿರಿಯ ಅಧಿಕಾರಿ ಡಾನ್ ಓಲ್ಮೇಯರ್ ಅವರಿಗೆ ಆತಂಕ. ತಾಲೀಮು ನೋಡಲು ಬಂದವರಿಗೆ ಪ್ರಶ್ನಾವಳಿ ಹಂಚಲಾಯಿತು. ಪ್ರಶ್ನೆಯ ಆಯ್ಕೆಗಳಲ್ಲೇ ಬೈಗುಳ ಅಡಗಿತ್ತು. ಆದರೂ ಸಭಿಕರಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಕಥೆ ಇದ್ದ ಹಾಗೇ ಉಳಿಯಿತು.

ಅಭಿಪ್ರಾಯವನ್ನು ಒಳ್ಳೆಯ ಬರಹಗಾರ ಹೇಗೆ ಓದುತ್ತಾನೆ ಎಂಬುದಕ್ಕೆ ‘ದಿ ಬಿಗ್ ಬ್ಯಾಂಗ್ ಥಿಯರಿ’ ಉದಾಹರಣೆ. 2006ರಲ್ಲಿ ತೆಗೆದ ಅದರ ಮೊದಲ ಮಾದರಿ ಕಂತಿನಲ್ಲಿ ಮುಂದೆ ನಾಯಕಿಯಾದ ಪೆನ್ನಿ ಇರಲಿಲ್ಲ. ಒರಟು ಮಾತಿನ ಕೇಟಿ ಎಂಬ ಹುಡುಗಿ ಇದ್ದಳು. ಪರೀಕ್ಷೆಗೆ ಬಂದ ಪ್ರೇಕ್ಷಕರು ಅವಳನ್ನು ಒಪ್ಪಲಿಲ್ಲ. ಕಥೆಯ ನಾಯಕರಾದ ಶೆಲ್ಡನ್ ಮತ್ತು ಲೆನರ್ಡ್ ಪ್ರೇಕ್ಷಕರ ಕಣ್ಣಿಗೆ ಲೋಕ ತಿಳಿಯದ ಮಕ್ಕಳಂತೆ ಕಂಡಿದ್ದರು, ಅಂಥವರಿಗೆ ಇವಳಿಂದ ನೋವಾದೀತು ಎಂಬ ಕಳವಳ ಮೂಡಿತು. ಧಾರಾವಾಹಿಯನ್ನು ರೂಪಿಸಿದ ಚಕ್ ಲೋರಿ ಮತ್ತು ಬಿಲ್ ಪ್ರೇಡಿ ಈ ವಿರೋಧದ ಒಳಗಿದ್ದ ಪ್ರೀತಿಯನ್ನು ಗುರುತಿಸಿದರು. ಹುಡುಗರು ಗೆದ್ದಿದ್ದಾರೆ, ಬದಲಾಗಬೇಕಾದದ್ದು ಆ ಹುಡುಗಿ ಮಾತ್ರ. ಮೃದು ಮನಸ್ಸಿನ ಪೆನ್ನಿಯನ್ನು ಸೃಷ್ಟಿಸಿ, ಮಾದರಿ ಕಂತನ್ನು ಹೊಸದಾಗಿ ತೆಗೆದರು. 2007ರಲ್ಲಿ ಶುರುವಾದ ಧಾರಾವಾಹಿ ಹನ್ನೆರಡು ವರ್ಷ ನಡೆಯಿತು.

ಬ್ರಿಟನ್ನಿನ ಕಿರುರಂಗಗಳು

ಬ್ರಿಟನ್ನಿನಲ್ಲಿ ಹೊಸ ಹಾಸ್ಯ ಧಾರಾವಾಹಿಗಳಿಗೆ ಪರೀಕ್ಷೆಯ ಬಾಗಿಲು ಬೇರೆ ರೀತಿಯಲ್ಲಿ ತೆರೆಯಿತು. 1961ರಿಂದ ಬಿಬಿಸಿ ‘ಕಾಮಿಡಿ ಪ್ಲೇಹೌಸ್’ ಹೆಸರಿನಲ್ಲಿ ಬಿಡಿ ಬಿಡಿ ನಗೆನಾಟಕಗಳನ್ನು ಪ್ರಸಾರ ಮಾಡಿತು. ಯಾವುದು ಜನರಿಗೆ ಹಿಡಿಸಿತೋ ಅದು ಧಾರಾವಾಹಿಯಾಗುತ್ತಿತ್ತು. ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್ 1962ರಲ್ಲಿ ಬರೆದ, ಗುಜರಿ ವ್ಯಾಪಾರದ ಅಪ್ಪ ಮಗನ ಒಂದು ನಾಟಕ ಹೀಗೆಯೇ ‘ಸ್ಟೆಪ್ಟೋ ಅಂಡ್ ಸನ್’ ಆಗಿ ಬೆಳೆಯಿತು.

1990ರ ದಶಕದಲ್ಲಿ ಚಾನೆಲ್ 4 ಲಂಡನ್ನಿನ ರಿವರ್‌ಸೈಡ್ ಸ್ಟುಡಿಯೋಸ್‌ನಲ್ಲಿ ಸಿಟ್‌ಕಾಂ (ಹಾಸ್ಯ ಧಾರಾವಾಹಿ) ಉತ್ಸವ ನಡೆಸಿತು. ಕ್ಯಾಮೆರಾ ಮುಟ್ಟುವ ಮೊದಲೇ ಹೊಸ ಚಿತ್ರಕಥೆಗಳನ್ನು ನಾಟಕದಂತೆ ರಂಗದ ಮೇಲೆ ಆಡಿಸುವ ಉತ್ಸವ ಅದು. ಪುಸ್ತಕದ ಅಂಗಡಿ ಇಟ್ಟುಕೊಂಡೂ ಗಿರಾಕಿಗಳನ್ನು ಕಂಡರಾಗದ ಒಬ್ಬ ಸಿಡುಕನ ಕಥೆಯನ್ನು 1998ರಲ್ಲಿ ಡಿಲನ್ ಮೊರಾನ್ ಅಲ್ಲಿ ಆಡಿ ತೋರಿಸಿದರು. ಎರಡು ವರ್ಷದ ನಂತರ ಅದು ‘ಬ್ಲ್ಯಾಕ್ ಬುಕ್ಸ್’ ಆಗಿ ತೆರೆಗೆ ಬಂತು.

1999ರಲ್ಲಿ ಬ್ರಿಸ್ಟಲ್ ನಗರದಲ್ಲಿ ಕೆವ್ ಎಫ್. ಸದರ್‌ಲ್ಯಾಂಡ್ ಆರಂಭಿಸಿದ ‘ದಿ ಸಿಟ್‌ಕಾಂ ಟ್ರಯಲ್ಸ್’ ಇನ್ನೂ ಸರಳ, ಇನ್ನೂ ಮೊನಚು. ಒಂದೇ ಸಂಜೆ ಹಲವು ಹೊಸ ಚಿತ್ರಕಥೆಗಳ ಚಿಕ್ಕ ಭಾಗಗಳನ್ನು ಆಡುತ್ತಿದ್ದರು. ಪ್ರತಿಯೊಂದನ್ನೂ ಕುತೂಹಲ ಕೆರಳುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಯಾವುದರ ಮುಂದಿನ ಕಥೆ ನೋಡಬಯಸುತ್ತೀರಿ ಎಂದು ಸಭೆಯ ಮತ ಕೇಳುತ್ತಿದ್ದರು. ಗೆದ್ದ ಕಥೆಯ ಕೊನೆಯನ್ನು ಮಾತ್ರ ಆಡುತ್ತಿದ್ದರು. ಈ ಪ್ರಶ್ನೆಯ ಜಾಣತನ ಗಮನಿಸಬೇಕು. ಚೆನ್ನಾಗಿದೆಯೇ ಎಂದು ಅದು ಕೇಳುವುದಿಲ್ಲ, ಇನ್ನಷ್ಟು ಬೇಕೇ ಎಂದು ಕೇಳುತ್ತದೆ. ಧಾರಾವಾಹಿ ಬದುಕುವುದು ಈ ಎರಡನೇ ಪ್ರಶ್ನೆಯ ಉತ್ತರದಿಂದ.

ಸಭೆಗೂ ಮಿತಿಯಿದೆ

ಸ್ಟುಡಿಯೊ ಸಭೆ ತಪ್ಪು ಮಾಡುವುದೇ ಇಲ್ಲ ಎಂದೇನೂ ಇಲ್ಲ. ಬಂದವರು ಉಚಿತ ಟಿಕೆಟ್ ಹಿಡಿದು ಖುಷಿಯಲ್ಲಿ ಬಂದವರು. ಅವರನ್ನು ಹುರಿದುಂಬಿಸಲೆಂದೇ ಒಬ್ಬ ನಗೆಗಾರ ಇರುತ್ತಾನೆ. ಧಾರಾವಾಹಿ ಜನಪ್ರಿಯವಾದ ಮೇಲೆ ಬರುವವರು ಅಭಿಮಾನಿಗಳು. ‘ಹ್ಯಾಪಿ ಡೇಸ್’ ತನ್ನ ಮೂರನೇ ವರ್ಷದಿಂದ ಸಭೆಯ ಮುಂದೆ ನಡೆಯಿತು. ಫಾನ್ಜಿ ಪಾತ್ರ ಬಾಗಿಲು ತೆಗೆದು ಬಂದರೆ ಸಾಕು, ಚಪ್ಪಾಳೆ ಸಿಳ್ಳೆಗಳ ನಡುವೆ ದೃಶ್ಯವೇ ನಿಂತುಹೋಗುತ್ತಿತ್ತು. ಆ ಚಪ್ಪಾಳೆ ನಟನಿಗೆ ಸಲ್ಲುತ್ತದೆ. ಬರೆದ ಮಾತಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಚಪ್ಪಾಳೆಯ ರುಚಿ ಹತ್ತಿದ ಬರಹಗಾರ ಅದಕ್ಕಾಗಿಯೇ ಬರೆಯತೊಡಗಿದರೆ ಕಥೆ ಸೊರಗುತ್ತದೆ.

ಆದರೂ ಅದೇ ಅಭಿಮಾನಿಗಳ ಸಭೆ ಒಮ್ಮೊಮ್ಮೆ ಬರಹಗಾರರಿಗೆ ಕಾಣದ್ದನ್ನು ತೋರಿಸುತ್ತದೆ. 1998ರಲ್ಲಿ ‘ಫ್ರೆಂಡ್ಸ್’ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟಿಷ್ ಪ್ರೇಕ್ಷಕರ ಮುಂದೆ ಒಂದು ಕಂತು ತೆಗೆಯಿತು. ಗೆಳೆಯ ಚಾಂಡ್ಲರ್‌ನ ಹೊದಿಕೆಯೊಳಗಿಂದ ಮೋನಿಕಾ ತಲೆ ಹೊರಹಾಕಿದ ಕ್ಷಣ ಸಭೆ ಹೋ ಎಂದು ಕೂಗಿತು. ಆ ಕೂಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಇದನ್ನೊಂದು ನಾಲ್ಕು ದಿನದ ಪ್ರಸಂಗವಾಗಿ ಮುಗಿಸುವುದು ಬರಹಗಾರರ ಲೆಕ್ಕವಾಗಿತ್ತು. ಆ ಕೂಗಿನ ನಂತರ ಅವರು ಮರುಯೋಚನೆ ಮಾಡಿದರು. ಮುಂದಿನ ವರ್ಷಗಳಲ್ಲಿ ಆ ಇಬ್ಬರ ಸಂಸಾರ ಧಾರಾವಾಹಿಯ ಬೆನ್ನೆಲುಬಾಯಿತು. ಇಲ್ಲೂ ಸಭೆ ಹೇಳಿದ್ದು ‘ಇಲ್ಲೇನೋ ಇದೆ’ ಎಂದಷ್ಟೇ. ಅದನ್ನು ಆರು ವರ್ಷ ಬೆಳೆಸುವ ದಾರಿಯನ್ನು ಬರಹಗಾರರೇ ಹುಡುಕಬೇಕಾಯಿತು.

ನಮ್ಮ ನಗೆಗೊಂದು ಸಭೆ

ಇಷ್ಟನ್ನೂ ಬರೆಯುವಾಗ ಕನ್ನಡದ ಹಾಸ್ಯ ಧಾರಾವಾಹಿಗಳ ಚಿಂತೆ ಮನಸ್ಸಿಗೆ ಬಾರದೆ ಇರದು. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳನ್ನು ಮನೆಮಂದಿಯೆಲ್ಲ ಕೂತು ನೋಡಿದ ನಾಡು ನಮ್ಮದು. ಜನರ ಮುಂದೆ ಮಾತನ್ನು ಹದಗೊಳಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ದಶಕಗಳ ಕಾಲ ಆಡಿದರು. ಅಂದಂದಿನ ರಾಜಕೀಯದ ಸುದ್ದಿ ಅಂದಿನ ಪ್ರದರ್ಶನದಲ್ಲೇ ಬರುತ್ತಿತ್ತು. ಸಭೆಯ ಉಸಿರು ಹಿಡಿದು ಮಾತನ್ನು ಎಲ್ಲಿ ಬೆಳೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆ ರಂಗದ ಅನುಭವದಿಂದಲೇ ಅವರಿಗೆ ಸಿದ್ಧಿಸಿತ್ತು.

ಹೀಗಿದ್ದೂ ಟಿ.ವಿ.ಗೆ, ಈಗ ಒಟಿಟಿಗೆ ಬರೆಯುವ ಯುವ ಬರಹಗಾರನಿಗೆ ತನ್ನ ನಗೆಮಾತನ್ನು ಪ್ರಸಾರಕ್ಕೆ ಮುಂಚೆ ಹತ್ತು ಜನರ ಮುಂದೆ ಇಟ್ಟು ನೋಡುವ ಅವಕಾಶ ಸುಲಭವಾಗಿ ಸಿಗುವುದಿಲ್ಲ. ದಿನದಿನದ ಕಂತಿನ ಅವಸರ ಅದಕ್ಕೆ ಬಿಡುವು ಕೊಡದು. ಅವನ ಬರಹ ಮೊದಲ ಸಲ ಪ್ರೇಕ್ಷಕರನ್ನು ಎದುರಿಸುವುದು ಪ್ರಸಾರದ ದಿನ. ಅಷ್ಟು ಹೊತ್ತಿಗೆ ತಿದ್ದಲು ಏನೂ ಉಳಿದಿರುವುದಿಲ್ಲ.

ಇದಕ್ಕೆ ಹಾಲಿವುಡ್ಡಿನ ಸ್ಟುಡಿಯೊ ಬೇಕಾಗಿಲ್ಲ, ಮೂರು ಕ್ಯಾಮೆರಾವೂ ಬೇಕಾಗಿಲ್ಲ. ಬ್ರಿಸ್ಟಲ್‌ನ ಪ್ರಯೋಗಕ್ಕೆ ಬೇಕಾಗಿದ್ದದ್ದು ಒಂದು ಚಿಕ್ಕ ರಂಗ, ಕೆಲವು ನಟರು ಮತ್ತು ಮತ ಹಾಕುವ ಪ್ರೇಕ್ಷಕರು. ನಮ್ಮಲ್ಲಿ ಬೆಂಗಳೂರಿನ ಹವ್ಯಾಸಿ ತಂಡಗಳಿಂದ ಹಿಡಿದು ಹೆಗ್ಗೋಡಿನ ನೀನಾಸಂವರೆಗೆ, ಮೈಸೂರಿನ ರಂಗಾಯಣದಿಂದ ಹಿಡಿದು ಜಿಲ್ಲಾ ಕೇಂದ್ರಗಳ ರಂಗಮಂದಿರಗಳವರೆಗೆ ರಂಗವೂ ಇದೆ, ನೋಡುವ ಕಣ್ಣೂ ಇದೆ. ತಿಂಗಳಿಗೊಂದು ಸಂಜೆ ನಾಲ್ಕು ಹೊಸ ಹಾಸ್ಯ ಚಿತ್ರಕಥೆಗಳ ಹತ್ತು ಹತ್ತು ನಿಮಿಷಗಳನ್ನು ಹಾಳೆ ಹಿಡಿದೇ ಓದಿ ಆಡಲಿ. ಬರೆದವರು ಕೊನೆಯ ಸಾಲಿನಲ್ಲಿ ಕುಳಿತು, ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ ಎಂದು ಗುರುತು ಹಾಕಿಕೊಳ್ಳಲಿ. ವಾಹಿನಿಯವರು ಬಂದು ನೋಡಲಿ. ಧಾರವಾಡದ ಸಭೆ ನಕ್ಕ ಮಾತಿಗೆ ಮಂಗಳೂರಿನ ಸಭೆ ಸುಮ್ಮನಿದ್ದರೆ ಅದೂ ಒಂದು ಪಾಠವೇ; ನಾಡಿನ ಎಲ್ಲ ಮೂಲೆಗೂ ಬರೆಯಬೇಕಾದವನಿಗೆ ಅದು ತಪ್ಪದೆ ಬೇಕಾದ ಪಾಠ.

ಬರಹಗಾರನಿಗೆ ಅಂಥ ಸಂಜೆ ಕಷ್ಟದ್ದೇ. ಇಷ್ಟಪಟ್ಟು ಬರೆದ ಮಾತು ಕಣ್ಣೆದುರೇ ಬಿದ್ದುಹೋಗುತ್ತದೆ. ಆದರೆ ಆ ಸಂಜೆ ಬಿದ್ದ ಮಾತನ್ನು ಮಾರನೇ ದಿನ ಎತ್ತಿ ನಿಲ್ಲಿಸಬಹುದು, ಅಥವಾ ಅದರ ಮುಂದೆ ಒಂದು ಮಗುವನ್ನು ತಂದು ಇನ್ನೊಂದು ಮಾತು ಹೇಳಿಸಬಹುದು. ಪ್ರಸಾರವಾದ ಮೇಲೆ ಆ ಅವಕಾಶ ಇರುವುದಿಲ್ಲ. ಕನ್ನಡದಲ್ಲಿ ನಗೆ ಬರೆಯಲು ಹೊರಟ ಹೊಸಬರಿಗೆ ಸಂಭಾವನೆ, ಪ್ರಚಾರ, ಪ್ರಶಸ್ತಿಗಳೆಲ್ಲ ಆಮೇಲೆ ಬರಲಿ. ಮೊದಲು ಅವರಿಗೆ ಒಂದು ಸಭೆಯನ್ನು ಒದಗಿಸೋಣ.